ನಿಮ್ಮ ಮೌಲ್ಯ ಯಾವುದು? ಬೆಲೆ ತೆತ್ತ ಕಡೆ ಹುಡುಕಿ

ಪ್ರಾಮಾಣಿಕತೆ, ಕುಟುಂಬ, ಸ್ವಾತಂತ್ರ್ಯ, ಸೇವೆ: ಇವು ಬೇಡವೆನ್ನುವವರು ಯಾರೂ ಸಿಗುವುದಿಲ್ಲ. ಆದ್ದರಿಂದಲೇ ಒಳ್ಳೆಯ ಪದಗಳ ಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು ಐದಕ್ಕೆ ಗುರುತು ಹಾಕಿದರೆ ನಮ್ಮ ಬಗ್ಗೆ ನಮಗೆ ಹೊಸದೇನೂ ತಿಳಿಯುವುದಿಲ್ಲ. ಹೇಗೆ ಕಾಣಿಸಿಕೊಳ್ಳಬೇಕೆಂಬ ಆಸೆಯಷ್ಟೇ ಕಾಗದದ ಮೇಲೆ ಬರುತ್ತದೆ. ಎರಡು ಒಳ್ಳೆಯ ಸಂಗತಿಗಳು ಒಟ್ಟಿಗೆ ದಕ್ಕದೆ ಒಂದನ್ನು ಬಿಡಬೇಕಾಗಿ ಬಂದಾಗ ನೀವು ಯಾವುದನ್ನು ಉಳಿಸಿಕೊಂಡಿರಿ, ಅದಕ್ಕಾಗಿ ಏನನ್ನು ತೆತ್ತಿರಿ ಎಂಬಲ್ಲಿ ನಿಮ್ಮ ಮೌಲ್ಯ ಕಾಣುತ್ತದೆ. ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಬೇಕು.

ಒಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಳ್ಳಿ. ಮನೆಯಲ್ಲಿ ಏಕಾಂತ ಸಿಗದಿದ್ದರೆ ಲಾಲ್‌ಬಾಗಿನ ಒಂದು ಕಲ್ಲುಬೆಂಚು ಸಾಕು. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಫೋನಿನ ಕ್ಯಾಲೆಂಡರನ್ನೂ ತೆರೆದು, ದುಡ್ಡು ಮತ್ತು ಸಮಯ ಹೋದ ಜಾಗಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬಾಡಿಗೆ, ಇಎಂಐ, ಕರೆಂಟ್ ಬಿಲ್ಲುಗಳನ್ನು ಬದಿಗಿಡಿ; ಅವು ಅನಿವಾರ್ಯ. ಉಳಿದವುಗಳಲ್ಲಿ ಯಾರೂ ಒತ್ತಾಯಿಸದಿದ್ದರೂ ಮಾಡಿದವು ಯಾವುವು ಎಂದು ನೋಡಿ: ತಮ್ಮನ ಕೋಚಿಂಗ್ ಫೀಸು, ಶನಿವಾರದ ತಬಲಾ ಪಾಠ, ಊರಿನ ಶಾಲೆಗೆ ಕಳಿಸಿದ ಎರಡು ಸಾವಿರ ರೂಪಾಯಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಕಳೆದುಹೋದ ಗಂಟೆಗಳು ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ, ಆದರೆ ಅಷ್ಟು ತೊಂದರೆಪಟ್ಟೂ ಆಫೀಸಿನ ಹತ್ತಿರ ಮನೆ ಮಾಡದೆ, ವಯಸ್ಸಾದ ತಂದೆತಾಯಿ ಇರುವ ಬನಶಂಕರಿಯ ಮನೆಯಲ್ಲೇ ಉಳಿದದ್ದು ಬಹಳಷ್ಟನ್ನು ಹೇಳುತ್ತದೆ.

ಅನಂತರ ಸಿಟ್ಟಿನ ಕಡೆಗೆ ತಿರುಗಿ. ಅಂದೇ ಇಳಿದುಹೋದ ಸಿಟ್ಟಲ್ಲ, ದಿನಗಟ್ಟಲೆ ಒಳಗೆ ಕುದಿದ ಸಿಟ್ಟು. ಅಪಾರ್ಟ್‌ಮೆಂಟಿನ ಸಭೆಯಲ್ಲಿ ಸೆಕ್ಯೂರಿಟಿಯವರನ್ನು ಯಾರೋ ಏಕವಚನದಲ್ಲಿ ಗದರಿದ್ದು ವಾರ ಕಳೆದರೂ ನಿಮ್ಮನ್ನು ಬಿಡದಿದ್ದರೆ, ಮನುಷ್ಯರ ಘನತೆಯ ವಿಷಯದಲ್ಲಿ ನೀವು ರಾಜಿಯಾಗುವವರಲ್ಲ ಎಂದು ತಿಳಿಯಬಹುದು. ಹೊಟ್ಟೆಕಿಚ್ಚನ್ನೂ ನಾಚದೆ ಬರೆಯಿರಿ. ಗೆಳೆಯನ ಕಾರು ನಿಮ್ಮನ್ನು ಕಾಡದೆ, ಅವನು ಮಧ್ಯಾಹ್ನ ಮೂರಕ್ಕೆ ಮಗಳನ್ನು ಶಾಲೆಯಿಂದ ಕರೆತರಬಲ್ಲ ಎಂಬುದು ಕಾಡುತ್ತಿದ್ದರೆ, ನಿಮಗೆ ಏನು ಬೇಕಾಗಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಈಗ ಸಿಕ್ಕಿದ್ದನ್ನು ಪರಸ್ಪರ ಎದುರು ನಿಲ್ಲಿಸಬೇಕು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಶಾಲೋಮ್ ಶ್ವಾರ್ಟ್ಜ್ 1992ರಲ್ಲಿ ಮಂಡಿಸಿದ ಸಿದ್ಧಾಂತ ಇಲ್ಲಿ ನಿಜಕ್ಕೂ ನೆರವಾಗುತ್ತದೆ. ಸ್ವಾತಂತ್ರ್ಯ, ಸಾಧನೆ, ಭದ್ರತೆ, ಪರಂಪರೆ, ಆಪ್ತರ ಹಿತ, ಸಕಲರ ಹಿತ ಮೊದಲಾದ ಹತ್ತು ಮೂಲ ಮೌಲ್ಯಗಳನ್ನು ಅವರು ಒಂದು ವೃತ್ತದಲ್ಲಿ ಜೋಡಿಸಿದರು: ಅಕ್ಕಪಕ್ಕದವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಎದುರುಬದುರಿನವು ಒಂದನ್ನೊಂದು ಎಳೆದಾಡುತ್ತವೆ. ಪೀಣ್ಯದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ವರ್ಕ್‌ಶಾಪ್ ನಡೆಸುವವರೊಬ್ಬರನ್ನು ಊಹಿಸಿಕೊಳ್ಳಿ. ದೊಡ್ಡ ಆರ್ಡರ್ ಒಂದು ಬಂದಿದೆ, ಆದರೆ ಕಂಪ್ಯೂಟರ್ ನಿಯಂತ್ರಣದಲ್ಲಿ ನಡೆಯುವ ಸಿಎನ್‌ಸಿ ಮಷಿನ್ ಹಾಕಿ, ಅದನ್ನು ಬಲ್ಲ ಹೊಸ ಹುಡುಗರನ್ನು ತಂದು, ಇಪ್ಪತ್ತು ವರ್ಷದಿಂದ ಜೊತೆಗಿರುವ ಇಬ್ಬರು ಟರ್ನರ್‌ಗಳನ್ನು ಬಿಟ್ಟರೆ ಮಾತ್ರ ಗಡುವಿಗೆ ಮುಗಿಯುತ್ತದೆ. ಅವರು ಆ ಇಬ್ಬರಿಗೇ ಕಲಿಸಲು ಆರು ತಿಂಗಳು ತೆಗೆದುಕೊಂಡು ಆರ್ಡರನ್ನು ಕೈಬಿಟ್ಟರೆಂದರೆ, ಅವರಿಗೆ ಸಾಧನೆ ಬೇಡವೆಂದಲ್ಲ. ಆಪ್ತರ ಹಿತ ಅದಕ್ಕಿಂತ ಮೇಲೆಂದು ಅರ್ಥ. ನಿಮ್ಮ ಬದುಕಿನಲ್ಲೂ ಇಂಥ ಎರಡು ಮೂರು ನಿರ್ಧಾರಗಳಿರುತ್ತವೆ. ಪ್ರತಿಯೊಂದರ ಪಕ್ಕದಲ್ಲಿ ಉಳಿಸಿಕೊಂಡದ್ದು ಏನು, ಬಿಟ್ಟದ್ದು ಏನು, ಇಂದು ಮತ್ತೆ ಎದುರಾದರೆ ಹಾಗೆಯೇ ಮಾಡುವಿರಾ ಎಂದು ಬರೆಯಿರಿ. ನನ್ನ ಮಟ್ಟಿಗೆ ಈ ಅಭ್ಯಾಸದ ಅತ್ಯಂತ ಬೆಲೆಬಾಳುವ ಭಾಗ ಆ ಮೂರನೆಯ ಪ್ರಶ್ನೆ.

ನಾಲ್ಕು ಜನ ಏನೆನ್ನುತ್ತಾರೆ ಎಂಬ ಅಂಜಿಕೆಯಿಂದ ಹೊತ್ತುಕೊಂಡದ್ದನ್ನು ಬೇರ್ಪಡಿಸುವುದಕ್ಕೆ, ಯಾರಿಗೂ ಎಂದಿಗೂ ಗೊತ್ತಾಗದಿದ್ದರೂ ಇದನ್ನು ಮಾಡುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಆದರೆ ಹಿರಿಯರಿಂದ ಬಂದದ್ದೆಲ್ಲ ಎರವಲು ಎಂದು ತಳ್ಳಿಹಾಕುವುದು ಅವಸರದ ತೀರ್ಮಾನ. ಮನೆಗೆ ಬಂದವರನ್ನು ಊಟವಿಲ್ಲದೆ ಕಳಿಸಬಾರದೆಂದು ಅಜ್ಜಿ ಕಲಿಸಿದ್ದನ್ನು ನೀವು ಒಂದು ಕೋಣೆಯ ಬಾಡಿಗೆ ಮನೆಯಲ್ಲೂ ಸಂತೋಷದಿಂದ ಪಾಲಿಸುತ್ತಿದ್ದರೆ, ಅದು ಈಗ ನಿಮ್ಮದೇ.

ಮೂರು ನಾಲ್ಕು ಮೌಲ್ಯಗಳು ಉಳಿದಾಗ ಅವನ್ನು ಗುರಿಗಳಿಂದ ಬೇರೆಯಾಗಿ ನೋಡಿ. ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ರೂಪಿಸಿದ ಆ್ಯಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ ಎಂಬ ಚಿಕಿತ್ಸಾ ಪದ್ಧತಿಯಲ್ಲಿ ಈ ವ್ಯತ್ಯಾಸಕ್ಕೆ ದೊಡ್ಡ ಸ್ಥಾನವಿದೆ: ಗುರಿ ಕೈಗೂಡಿದ ದಿನ ಮುಗಿಯುತ್ತದೆ, ಮೌಲ್ಯ ನಡೆಯುತ್ತಿರಬೇಕಾದ ದಿಕ್ಕು. ಕೆಂಗೇರಿಯಾಚೆ ಸೈಟ್ ಕೊಳ್ಳುವುದು ಗುರಿ. ಅದರ ಹಿಂದಿರುವುದು ಭದ್ರತೆಯೋ, ಬಂಧುಗಳ ಮುಂದಿನ ಪ್ರತಿಷ್ಠೆಯೋ, ನಾಲ್ಕು ಗಿಡ ಬೆಳೆಸುವ ಆಸೆಯೋ ಎಂಬುದು ತಿಳಿದರೆ, ಸೈಟ್ ಸಿಗುವ ಮುನ್ನವೂ ಅದರಂತೆ ಬಾಳಲು ದಾರಿಯಿರುತ್ತದೆ. ಗಿಡವೇ ಆಗಿದ್ದರೆ ಬಾಲ್ಕನಿಯ ಕುಂಡದಲ್ಲಿ ನಾಳೆಯೇ ಆರಂಭಿಸಬಹುದು.

ಪ್ರತಿ ಮೌಲ್ಯವನ್ನೂ ಕ್ರಿಯೆಯಾಗಿ ಬರೆಯಿರಿ. ‘ಪ್ರಾಮಾಣಿಕತೆ’ ಎಂದು ಬರೆದರೆ ಸಾಲದು. ‘ಕೆಲಸ ಗಡುವಿಗೆ ಮುಗಿಯದೆಂದು ಗೊತ್ತಾದ ದಿನವೇ ಮ್ಯಾನೇಜರಿಗೆ ತಿಳಿಸುತ್ತೇನೆ’ ಎಂದು ಬರೆದರೆ ಆ ವಾರದಲ್ಲೇ ಪರೀಕ್ಷೆಯಾಗುತ್ತದೆ. ವಾರಕ್ಕೊಂದು ಸಾಲು, ಸ್ವಲ್ಪವಾದರೂ ಕಷ್ಟ ಕೊಡುವಂಥದ್ದು. ಒಂದು ತಿಂಗಳಾದರೂ ಯಾವ ಸಾಲಿಗಾಗಿ ನೀವು ಏನನ್ನೂ ಬಿಟ್ಟುಕೊಟ್ಟಿಲ್ಲವೋ ಅದನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆಯಿರಿ.

ಈ ಹುಡುಕಾಟದಲ್ಲಿ ಕೆಲವರಿಗೆ ಏನೂ ಬೇಡವೆನಿಸುವಷ್ಟು ಮನಸ್ಸು ಭಾರವಾಗಿರುವುದು ಗೊತ್ತಾಗಬಹುದು. ಹಾಗಿದ್ದರೆ ನೋಟ್‌ಬುಕ್ಕನ್ನು ಮುಚ್ಚಿ, 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತಾಡಬಹುದು.

ನೌಕರಿ ಬದಲಿಸುವಂಥ ದೊಡ್ಡ ಹೆಜ್ಜೆ ಇಡುವುದಿದ್ದರೆ ಮನೆಯವರಿಗೆ ನಿರ್ಧಾರವನ್ನಷ್ಟೇ ತಿಳಿಸಬೇಡಿ, ಬರೆದದ್ದನ್ನೂ ಓದಿಹೇಳಿ. ‘ಅಪ್ಪಾ, ಸಂಬಳ ಕಡಿಮೆಯಾಗುತ್ತದೆ, ಆದರೆ ಸಂಜೆ ಏಳಕ್ಕೆ ಮನೆಯಲ್ಲಿರುತ್ತೇನೆ, ನನಗೆ ಅದು ಮುಖ್ಯ’ ಎಂದರೆ ಅವರು ಒಪ್ಪದಿರಬಹುದು, ಆದರೆ ಯಾವುದಕ್ಕಾಗಿ ಎಷ್ಟು ಬಿಡುತ್ತಿದ್ದೀರಿ ಎಂಬುದರ ಮೇಲೆ ಮಾತು ನಡೆಯುತ್ತದೆ.