ಹಳೇ ಪುಸ್ತಕ ಕೊಳ್ಳುವಾಗ, ಕಪಾಟಿಗೆ ಸೇರಿಸುವ ಮುನ್ನ

ಹಳೇ ಪುಸ್ತಕದಂಗಡಿಯಲ್ಲಿ ಬಹುದಿನದಿಂದ ಹುಡುಕುತ್ತಿದ್ದ ಪುಸ್ತಕ ಕಣ್ಣಿಗೆ ಬಿದ್ದರೆ ಕೈ ತಡೆಯುವುದು ಕಷ್ಟವೇ. ಆದರೂ ಎರಡು ನಿಮಿಷ ತಡೆಯಿರಿ. ಹೊಲಿದ ಪುಸ್ತಕ ಸಾಮಾನ್ಯವಾಗಿ 8 ಅಥವಾ 16 ಪುಟಗಳ ಫಾರಂಗಳಲ್ಲಿ, ಅಂದರೆ ಮಡಿಸಿ ಒಟ್ಟಿಗೆ ಹೊಲಿದ ಹಾಳೆಗಳ ಕಂತೆಗಳಲ್ಲಿ, ಕಟ್ಟಿರುತ್ತದೆ. ದಾರ ಸಡಿಲವಾದರೆ ಒಂದು ಹಾಳೆಯಲ್ಲ, ಇಡೀ ಫಾರಂ ಕಳಚಿಹೋಗಿರುತ್ತದೆ. ಹಾಗಾಗಿ ಪುಟಸಂಖ್ಯೆ ಸರಸರನೆ ತಾಳೆ ನೋಡಿ, ಕೊನೆಯ ಹಾಳೆಯನ್ನಂತೂ ಮರೆಯಬೇಡಿ. ಅಂಟಿನ ಬೈಂಡಿಂಗ್ ಆದರೆ ನಡುವೆ ಮೆಲ್ಲಗೆ ಬಿಡಿಸಿ. ಚಟ್ ಎಂದು ಸದ್ದು ಬಂದರೆ ಅಂಟು ಒಣಗಿದೆ, ಓದುತ್ತಾ ಹಾಳೆಗಳು ಕೈಗೆ ಬರುತ್ತವೆ.

ಪುಸ್ತಕದ ಬೆನ್ನನ್ನು ಬಿಳಿ ಕಾಗದದ ಮೇಲೆ ತಟ್ಟಿದಾಗ ನುಣ್ಣನೆ ಪುಡಿ ಉದುರಿದರೆ ಹುಳ ಇನ್ನೂ ಒಳಗಿರಬಹುದು. ಪುಸ್ತಕವನ್ನು ಜಿಪ್ ಕವರಿಗೆ ಹಾಕಿ, ಗಾಳಿ ಹೊರಗೊತ್ತಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 2 ವಾರ ಇಡಿ. ತೆಗೆದ ಮೇಲೆ 24 ಗಂಟೆ ಕವರ್ ಬಿಚ್ಚಬಾರದು. ಎಲ್ಲರೂ ಎಡವುವುದು ಇಲ್ಲೇ: ಅವಸರಪಟ್ಟರೆ ತಣ್ಣಗಿನ ಹಾಳೆಯ ಮೇಲೆ ಹನಿ ಕಟ್ಟಿ ರಟ್ಟು ಉಬ್ಬುತ್ತದೆ. ಬೂಷ್ಟು ಮಾತ್ರ ಇದರಿಂದ ಸಾಯುವುದಿಲ್ಲ. ಅಂಥ ಪುಸ್ತಕವನ್ನು ಬೇರೆಯಾಗಿಟ್ಟು, ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆ ಬ್ರಷ್‌ನಿಂದ ಒರೆಸಿ.

ಬರೀ ಮುಗ್ಗಲು ವಾಸನೆಯಾದರೆ ಮುಚ್ಚಳದ ಡಬ್ಬಿಯಲ್ಲಿ ಒಂದು ಬಟ್ಟಲು ಅಡುಗೆ ಸೋಡಾ ಇಟ್ಟು, ಪಕ್ಕದಲ್ಲಿ ಪುಸ್ತಕವನ್ನು ಅರೆಬಿಚ್ಚಿ ನಿಲ್ಲಿಸಿ. ಸೋಡಾ ಹಾಳೆಗೆ ತಾಗಬಾರದು. ಹರಿದ ಹಾಳೆಗೆ ಸೆಲೋಟೇಪ್ ಬೇಡವೇ ಬೇಡ: ಕೆಲವೇ ವರ್ಷಗಳಲ್ಲಿ ಟೇಪ್ ಉದುರುತ್ತದೆ, ಹಳದಿ ಕಲೆ ಉಳಿಯುತ್ತದೆ.