ಅಡಗಿದ ಕೋರೆಹಲ್ಲು: ಕೊಂಡಿ ಎಣಿಸುತ್ತಾ ಕಳೆಯಬೇಕಾದ ತಿಂಗಳುಗಳು

ಮೇಲ್ದವಡೆಯ ಕೋರೆಹಲ್ಲು ಸಾಮಾನ್ಯವಾಗಿ 11–12ನೇ ವಯಸ್ಸಿಗೆ ಇಳಿಯುತ್ತದೆ. ನೂರರಲ್ಲಿ ಸುಮಾರು ಇಬ್ಬರಿಗೆ ಅದು ದಾರಿ ತಪ್ಪಿ ಎಲುಬಿನೊಳಗೇ ಓರೆಯಾಗಿ ಮಲಗಿಬಿಡುತ್ತದೆ, ಹೆಚ್ಚಿನವರಲ್ಲಿ ಅಂಗುಳದ ಕಡೆಗೆ. ಅದನ್ನು ಎಳೆದು ಸಾಲಿಗೆ ಸೇರಿಸಲು ಒಂದೂವರೆಯಿಂದ ಎರಡೂವರೆ ವರ್ಷ ಹಿಡಿಯುತ್ತದೆ. ಎಲ್ಲರೂ ಹೆದರುವುದು ಒಸಡು ಕೊಯ್ಯುವ ದಿನಕ್ಕೆ. ಆದರೆ ಕೆಲಸ ಕೆಡುವುದು ಆ ದಿನವಲ್ಲ, ಅದರ ನಂತರದ ತಿಂಗಳುಗಳಲ್ಲಿ. ಆಗ ಕನ್ನಡಿಯಲ್ಲಿ ಹಲ್ಲು ಕಾಣುವುದಿಲ್ಲ, ಒಸಡಿನಿಂದ ಇಳಿಬಿದ್ದ ಒಂದು ಸಣ್ಣ ಸರಪಳಿ ಮಾತ್ರ ಕಾಣುತ್ತದೆ. ಏನೂ ಆಗುತ್ತಿಲ್ಲವೆಂದು ಬೇಸತ್ತು ಜನ ಭೇಟಿ ತಪ್ಪಿಸುವುದು, ಬ್ರಷ್ ಮಾಡುವುದನ್ನು ಸಡಿಲ ಬಿಡುವುದು, ನಾಲಗೆಯಿಂದ ಸರಪಳಿ ಎಳೆದಾಡುವುದು ಎಲ್ಲ ಆಗಲೇ.

ಮಕ್ಕಳಿರುವವರಿಗೆ ಮೊದಲೇ ಒಂದು ಮಾತು. ಮಗುವಿಗೆ ಹತ್ತು ತುಂಬಿದಾಗ ಹಾಲುಹಲ್ಲಿನ ಕೋರೆಯ ಮೇಲ್ಗಡೆ, ತುಟಿಯ ಕಡೆಯ ಒಸಡಿನ ಮೇಲೆ ಬೆರಳಾಡಿಸಿ ನೋಡಿ. ಎರಡೂ ಬದಿಗೆ ಉಬ್ಬು ಸಿಗಬೇಕು. ಒಂದು ಬದಿಗೆ ಸಿಕ್ಕಿ ಇನ್ನೊಂದು ಬದಿಗೆ ಸಿಗದಿದ್ದರೆ ಎಕ್ಸ್-ರೇ ತೆಗೆಸಿ. ಆ ವಯಸ್ಸಿನಲ್ಲಿ ಹಾಲುಹಲ್ಲನ್ನು ಕಿತ್ತರೆ ಎಷ್ಟೋ ಸಲ ಕೋರೆಹಲ್ಲು ತಾನಾಗಿಯೇ ದಾರಿಗೆ ಬರುತ್ತದೆ, ಈ ಲೇಖನದ ಅಗತ್ಯವೇ ಬೀಳುವುದಿಲ್ಲ.

ಹಂತ 1: ಎಲ್ಲಿದೆ ಎಂದು ತಿಳಿಯುವುದು

ಇಡೀ ದವಡೆಯ ಎಕ್ಸ್-ರೇ ಹಲ್ಲು ಇದೆಯೆಂದು ಹೇಳುತ್ತದೆ. ಮುಂದಿದೆಯೋ ಹಿಂದಿದೆಯೋ ಎಂಬುದು ಅದರಿಂದ ಖಚಿತವಾಗುವುದಿಲ್ಲ. ಹಲ್ಲು ಆಳದಲ್ಲಿದ್ದರೆ, ಪಕ್ಕದ ಬಾಚಿಹಲ್ಲಿನ ಬೇರಿಗೆ ತಾಗಿರುವ ಅನುಮಾನವಿದ್ದರೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು. ಅದರ ವರದಿಯಲ್ಲಿ ಒಂದು ಸಾಲನ್ನು ಹುಡುಕಿ ಓದಿ: ಬಾಚಿಹಲ್ಲಿನ ಬೇರು ಕರಗಿದೆಯೇ, ಕರಗಿದ್ದರೆ ಎಷ್ಟು. ಕೋರೆಯನ್ನು ಮೊದಲು ಯಾವ ದಿಕ್ಕಿಗೆ ಎಳೆಯಬೇಕು ಎನ್ನುವುದಕ್ಕೆ ಉತ್ತರ ಅಲ್ಲಿದೆ.

ಹಂತ 2: ಜಾಗ ಮಾಡುವುದು

ಕ್ಲಿಪ್ ಹಾಕಿ, ತಂತಿಗೆ ಸುರುಳಿ ಸ್ಪ್ರಿಂಗ್ ಪೋಣಿಸಿ, ಕೋರೆಹಲ್ಲಿಗೆ ಬೇಕಾದ ಸುಮಾರು 8 ಮಿಲಿಮೀಟರ್ ಜಾಗ ತೆರೆಯುತ್ತಾರೆ. ಕೆಲವು ತಿಂಗಳು ಹಿಡಿಯುತ್ತದೆ. ಕೊನೆಗೆ ತೆಳು ತಂತಿ ತೆಗೆದು ದಪ್ಪ ಸ್ಟೀಲ್ ತಂತಿ ಕೂರಿಸುತ್ತಾರೆ. ಈ ದಪ್ಪ ತಂತಿ ಕೂರುವ ಮೊದಲೇ ಎಳೆಯಲು ಅವಸರಿಸಬೇಡಿ. ಕೋರೆಯನ್ನು ಕೆಳಕ್ಕೆ ಎಳೆದಷ್ಟೇ ಬಲ ಅಕ್ಕಪಕ್ಕದ ಹಲ್ಲುಗಳನ್ನು ಮೇಲಕ್ಕೆ ಎಳೆಯುತ್ತದೆ. ತಂತಿ ಬಳುಕಿದರೆ ಕೋರೆ ಇದ್ದಲ್ಲೇ ಇದ್ದು, ಸರಿಯಿದ್ದ ಹಲ್ಲುಗಳು ಮೇಲೇರಿಬಿಡುತ್ತವೆ.

ಹಂತ 3: ಕಿಟಕಿಯೋ, ಸರಪಳಿಯೋ

ಎರಡು ವಿಧಾನಗಳಿವೆ. ಹಲ್ಲು ಅಂಗುಳದ ಹೊರಮೈಗೆ ಹತ್ತಿರವೇ ಇದ್ದರೆ ಅದರ ಮೇಲಿನ ಒಸಡನ್ನು ಕಿಟಕಿಯಂತೆ ಕತ್ತರಿಸಿ ತೆರೆದಿಡುತ್ತಾರೆ. ಕಣಕದಂಥ ಒಂದು ಪ್ಯಾಕ್ ಅನ್ನು ಗಾಯದ ಮೇಲೆ ಒತ್ತಿ 7–10 ದಿನ ಬಿಡುತ್ತಾರೆ. ಆಳದಲ್ಲಿದ್ದರೆ ಒಸಡನ್ನು ಎತ್ತಿ, ಎಲುಬನ್ನು ತುಸು ತೆಗೆದು, ಹಲ್ಲಿಗೆ ಒಂದು ಪುಟ್ಟ ಗುಂಡಿ ಅಂಟಿಸಿ, ಅದಕ್ಕೆ ಸೇರಿದ ಚಿನ್ನದ ಲೇಪದ ಸರಪಳಿಯ ತುದಿಯನ್ನು ಹೊರಗೆ ಬಿಟ್ಟು ಒಸಡನ್ನು ಹೊಲಿದು ಮುಚ್ಚುತ್ತಾರೆ. ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ತಜ್ಞರಲ್ಲೇ ಮುಗಿದಿಲ್ಲ. ಹೊರಮೈಗೆ ಹತ್ತಿರವಿರುವ ಹಲ್ಲಿಗೆ ಕಿಟಕಿಯೇ ಸರಿ ಎನ್ನುವುದು ಈ ಲೇಖನದ ಪಕ್ಷಪಾತ: ಹಲ್ಲು ಕಣ್ಣಿಗೆ ಕಾಣುತ್ತಿರುತ್ತದೆ, ಗುಂಡಿ ಕಳಚಿದರೆ ಮತ್ತೆ ಕೊಯ್ಯದೆ ಅಂಟಿಸಬಹುದು. ಆಳದ ಹಲ್ಲಿಗೆ ಸರಪಳಿಯೇ ದಾರಿ.

ಹಂತ 4: ಮೊದಲ ಹತ್ತು ದಿನ

ಮೊದಲ 30 ನಿಮಿಷ ಗಾಜ್ ಬಟ್ಟೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಐದೈದು ನಿಮಿಷಕ್ಕೆ ತೆಗೆದು ನೋಡುವವರಿಗೇ ರಕ್ತ ನಿಲ್ಲುವುದಿಲ್ಲ. 24 ಗಂಟೆ ಬಾಯಿ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು, ಸ್ಟ್ರಾ ಬಳಸಬಾರದು, ಸಿಗರೇಟು ಕೂಡದು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆ, ಮೇಲ್ದುಟಿಯ ಮೇಲೆ 15 ನಿಮಿಷ ಇಟ್ಟು 15 ನಿಮಿಷ ಬಿಡಿ. ಮೊದಲ ದಿನ ಮಾತ್ರ ಇದರಿಂದ ಪ್ರಯೋಜನ. ಮಲಗುವಾಗ ಎರಡು ದಿಂಬು.

ಊತ ಎರಡನೇ, ಮೂರನೇ ದಿನ ತುತ್ತತುದಿಗೆ ಹೋಗುತ್ತದೆ, ಇದಕ್ಕೆ ಗಾಬರಿ ಬೇಡ. ನಾಲ್ಕನೇ ದಿನ ಇಳಿಯುವ ಬದಲು ಏರಿದರೆ, ಜ್ವರ ಬಂದರೆ, ಕೀವಿನ ರುಚಿ ಸಿಕ್ಕರೆ ಅದೇ ದಿನ ಫೋನ್ ಮಾಡಿ. ಗಾಯದ ಮೇಲೆ ಕೂರುವ ಬಿಳಿ ಪೊರೆ ಕೀವಲ್ಲ, ಗಾಯ ಮಾಯುವ ಲಕ್ಷಣ. ಅದನ್ನು ಉಜ್ಜಿ ತೆಗೆದವರು ಮತ್ತೆ ರಕ್ತ ಹರಿಸಿಕೊಳ್ಳುತ್ತಾರೆ. ಮುಂದಿನ ಹಲ್ಲುಗಳ ಹಿಂದೆ ಅಂಗುಳ ಕೆಲವು ವಾರ ಮರಗಟ್ಟಿದಂತೆ ಇರಬಹುದು. ಅಲ್ಲಿನ ಸಣ್ಣ ನರ ಒಸಡು ಎತ್ತುವಾಗ ತುಂಡಾಗುವುದುಂಟು, ಆದರೂ ಸ್ಪರ್ಶ ಸಾಮಾನ್ಯವಾಗಿ ಮರಳುತ್ತದೆ.

ಎರಡನೇ ದಿನದಿಂದ 0.2 ಶೇಕಡ ಕ್ಲೋರ್‌ಹೆಕ್ಸಿಡಿನ್, 10 ಮಿಲಿಲೀಟರ್, ಒಂದು ನಿಮಿಷ ಬಾಯಿ ಮುಕ್ಕಳಿಸಿ ಉಗುಳಿ, ದಿನಕ್ಕೆರಡು ಸಲ. ಹಲ್ಲುಜ್ಜಿದ ಕೂಡಲೇ ಬಳಸಿದರೆ ಅದು ವ್ಯರ್ಥ, ಪೇಸ್ಟಿನ ನೊರೆಯ ಅಂಶ ಔಷಧಿಯ ಶಕ್ತಿ ಕುಂದಿಸುತ್ತದೆ. ಎರಡರ ನಡುವೆ ಅರ್ಧ ಗಂಟೆ ಅಂತರವಿರಲಿ. ವೈದ್ಯರು ಹೇಳಿದ ವಾರ, ಹತ್ತು ದಿನಕ್ಕೆ ನಿಲ್ಲಿಸಿ. ಮುಂದುವರಿಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಲವಂಗದೆಣ್ಣೆಯನ್ನು ಹಸಿ ಗಾಯಕ್ಕೆ ಹಚ್ಚುವ ಬುದ್ಧಿವಂತಿಕೆಯಂತೂ ಬೇಡವೇ ಬೇಡ, ಅದು ಒಸಡನ್ನು ಸುಡುತ್ತದೆ.

ಕಿಟಕಿ ವಿಧಾನದವರು ಪ್ಯಾಕ್ ಮೇಲೆ ಕಣ್ಣಿಡಬೇಕು. ಮೊದಲ ಎರಡು ಮೂರು ದಿನದಲ್ಲೇ ಅದು ಉದುರಿದರೆ ತಿಳಿಸಿ, ಇಲ್ಲವಾದರೆ ಒಸಡು ಬೆಳೆದು ಕಿಟಕಿ ಮುಚ್ಚುತ್ತಾ ಬರುತ್ತದೆ. ಪ್ಯಾಕ್ ತೆಗೆದ ಮೇಲೆ ತೆರೆದ ಹಲ್ಲನ್ನು ಮೆತ್ತನೆಯ ಬ್ರಷ್‌ನಿಂದ ದಿನಕ್ಕೆರಡು ಸಲ ಉಜ್ಜಲೇಬೇಕು, ನೋವಿನ ಹೆದರಿಕೆಗೆ ಬಿಡುವಂತಿಲ್ಲ.

ಹಂತ 5: ಸರಪಳಿಯ ತಿಂಗಳುಗಳು

ಹೊಲಿಗೆ ಬಿಚ್ಚಿ ಒಂದೆರಡು ವಾರಕ್ಕೆ ಎಳೆತ ಶುರು. ಸರಪಳಿಗೆ ಎಲಾಸ್ಟಿಕ್ ದಾರವನ್ನೋ ತೆಳುವಾದ ಎರಡನೇ ತಂತಿಯನ್ನೋ ಕಟ್ಟಿ ದಪ್ಪ ತಂತಿಗೆ ಬಿಗಿಯುತ್ತಾರೆ. ಬಲ ಸುಮಾರು 60 ಗ್ರಾಂ ಅಷ್ಟೇ. ಇನ್ನಷ್ಟು ಬಿಗಿ ಮಾಡಿ ಬೇಗ ಮುಗಿಸಿ ಎಂದು ಕೇಳುವವರಿದ್ದಾರೆ. ಆತುರಗಾರನಿಗೆ ಬುದ್ಧಿ ಮಟ್ಟ. ಹಲ್ಲು ಚಲಿಸುವುದು ಅದರ ಮುಂದಿನ ಎಲುಬು ಕರಗಿ ಹಿಂದೆ ಹೊಸದು ಬೆಳೆದಾಗ. ಬಲ ಹೆಚ್ಚಾದರೆ ಬೇರಿನ ಸುತ್ತಲಿನ ರಕ್ತನಾಳಗಳು ಅದುಮಿ, ಎಲುಬು ಕರಗುವ ಕೆಲಸವೇ ನಿಂತುಹೋಗುತ್ತದೆ. ಎಲ್ಲ ಸರಿಯಿದ್ದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಬಾಯಲ್ಲಿಟ್ಟು ಗುಂಯ್‌ಗುಡಿಸಿದರೆ ಹಲ್ಲು ಬೇಗ ಸರಿಯುತ್ತದೆಂದು ಮಾರುವ ಕಂಪನದ ಸಾಧನಗಳಿಗೆ ನಂಬುವಂಥ ಪುರಾವೆ ಇಲ್ಲ, ದುಡ್ಡು ಉಳಿಸಿ.

ಹಲ್ಲು ಕಾಣದಿರುವಾಗ ಪ್ರಗತಿಯ ಏಕೈಕ ಸಾಕ್ಷಿ ಸರಪಳಿ. ಆದ್ದರಿಂದ ಕೊಂಡಿ ಎಣಿಸಿ. ಪ್ರತಿ ಭೇಟಿಗೆ ಮೊದಲು, ಒಂದೇ ಬೆಳಕಿನಲ್ಲಿ, ಒಂದೇ ಕೋನದಿಂದ ಫೋಟೊ ತೆಗೆದು ಒಸಡಿನ ಹೊರಗಿರುವ ಕೊಂಡಿಗಳನ್ನು ಎಣಿಸಿ ಬರೆದಿಡಿ. ಹಲ್ಲು ಇಳಿದಂತೆ ಹೊಸ ಕೊಂಡಿ ಹೊರಬರುತ್ತದೆ, ವೈದ್ಯರು ಹೆಚ್ಚಾದದ್ದನ್ನು ಕತ್ತರಿಸುತ್ತಾರೆ. ಎಷ್ಟು ಕತ್ತರಿಸಿದರೆಂದು ಕೇಳಿ ಅದನ್ನೂ ಬರೆಯಿರಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಒಂದು ಭೇಟಿಯಲ್ಲಿ ಬದಲಾವಣೆ ಇಲ್ಲದಿದ್ದರೆ ಚಿಂತೆಯಿಲ್ಲ. ಸತತ ಮೂರು ಭೇಟಿಗಳಲ್ಲಿ ಒಂದೂ ಹೊಸ ಕೊಂಡಿ ಬಾರದಿದ್ದರೆ, ಜೊತೆಗೆ ಆ ಬದಿಯ ಪಕ್ಕದ ಹಲ್ಲುಗಳು ಮೇಲೇರಿ ಕೆಳಗಿನ ಹಲ್ಲುಗಳಿಗೆ ತಾಗದಂತಾದರೆ, ನೀವೇ ಮಾತೆತ್ತಿ. ಹಲ್ಲು ಎಲುಬಿಗೆ ಬೆಸೆದುಕೊಂಡಿರಬಹುದು, ಅಥವಾ ಎಳೆಯುವ ದಿಕ್ಕಿಗೆ ಏನೋ ಅಡ್ಡ ಬಂದಿರಬಹುದು. ವಯಸ್ಸಾದಷ್ಟೂ ಹಲ್ಲು ಹಟ ಹಿಡಿಯುವ ಸಾಧ್ಯತೆ ಹೆಚ್ಚು. ಮತ್ತೆ ಸ್ಕ್ಯಾನ್ ಮಾಡಿಸುವುದು ಆಗಲೇ ಆಗಬೇಕು, ಇನ್ನೊಂದು ವರ್ಷ ಎಳೆದು ನೋಡಿದ ಮೇಲಲ್ಲ.

ಎಳೆತದ ದಿಕ್ಕು ನೋಡಿ ಹಲವರು ಬೆಚ್ಚುತ್ತಾರೆ. ಖಾಲಿ ಜಾಗ ಮುಂದಿದೆ, ಸರಪಳಿ ಮಾತ್ರ ಅಂಗುಳದ ನಡುವಿಗೋ ಹಿಂದಿನ ದವಡೆಹಲ್ಲಿನ ಕಡೆಗೋ ಎಳೆಯುತ್ತಿದೆ! ಇದು ತಪ್ಪಲ್ಲ. ಕೋರೆಯ ತುದಿ ಬಾಚಿಹಲ್ಲಿನ ಬೇರಿಗೆ ಒತ್ತಿಕೊಂಡಿದ್ದರೆ ನೇರ ಎಳೆದಾಗ ಆ ಬೇರನ್ನೇ ಕೊರೆದುಕೊಂಡು ಬರುತ್ತದೆ. ಮೊದಲು ಬೇರಿನಿಂದ ದೂರ, ಆಮೇಲೆ ಸಾಲಿನ ಕಡೆಗೆ. ಈ ಬಳಸುದಾರಿಗೆ ಕೆಲವು ತಿಂಗಳು ಹೆಚ್ಚು ಹೋದರೂ ಬಾಚಿಹಲ್ಲು ಉಳಿಯುತ್ತದೆ.

ಸರಪಳಿಯ ಆರೈಕೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅದು ಒಸಡಿನೊಳಗೆ ಇಳಿಯುವ ಜಾಗ. ಅಲ್ಲಿ ಕೊಳೆ ಕಟ್ಟಿದರೆ ಒಸಡು ಕೆಂಪೇರಿ, ಉಬ್ಬಿ, ಮುಟ್ಟಿದರೆ ರಕ್ತ ಬರುತ್ತದೆ. ರಕ್ತ ಕಂಡು ಜನ ಉಜ್ಜುವುದನ್ನೇ ಬಿಡುತ್ತಾರೆ, ಕೊಳೆ ಇನ್ನಷ್ಟು ಕಟ್ಟುತ್ತದೆ. ಒಂದೇ ಗೊಂಚಲಿನ ಸಣ್ಣ ಬ್ರಷ್ ತನ್ನಿ. ಒಸಡಿನಿಂದ ಆಚೆಗೆ, ಸರಪಳಿಯ ಉದ್ದಕ್ಕೂ, ಒಂದೇ ದಿಕ್ಕಿನಲ್ಲಿ ಹತ್ತು ಸಲ; ಹಿಂದೆ ಮುಂದೆ ತಿಕ್ಕಿದರೆ ಎಳೆಗಳು ಕೊಂಡಿಗೆ ಸಿಕ್ಕಿ ಜಗ್ಗುತ್ತವೆ. ನೀರಿನ ಪಿಚಕಾರಿ ಇದ್ದರೆ ಕಡಿಮೆ ಒತ್ತಡದಲ್ಲಿ, ಅಡ್ಡಲಾಗಿ ಹಿಡಿಯಿರಿ. ಆ ರಂಧ್ರದೊಳಕ್ಕೇ ಗುರಿಯಿಟ್ಟು ಹೊಡೆಯಬೇಡಿ. ಪೇಸ್ಟ್‌ನಲ್ಲಿ 1450 ಪಿಪಿಎಂ ಫ್ಲೋರೈಡ್ ಇರಲಿ. ಇದ್ದಿಲಿನ ಪುಡಿ, ಹಲ್ಲು ಬೆಳ್ಳಗಾಗಿಸುವ ಪೇಸ್ಟ್ ಎರಡೂ ಕಪಾಟಿನಾಚೆ ಹೋಗಲಿ: ಮೊದಲನೆಯದು ಕ್ಲಿಪ್‌ನ ಸಂದಿಯಲ್ಲಿ ಕಪ್ಪಗೆ ಕೂರುತ್ತದೆ, ಎರಡನೆಯದು ಬ್ರ್ಯಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಣುಕು) ಅಡಿಯ ಹಲ್ಲನ್ನು ಮುಟ್ಟಲಾರದು.

ಸರಪಳಿ ನಾಲಗೆಗೆ ಚುಚ್ಚಿದರೆ ಮೇಣ. ಮೇಣ ನಿಲ್ಲುವುದೇ ಇಲ್ಲ ಎಂದು ದೂರುವವರು ಒದ್ದೆಯ ಮೇಲೆ ಅಂಟಿಸುತ್ತಿರುತ್ತಾರೆ. ಮೊದಲು ಟಿಶ್ಯೂ ಕಾಗದದಿಂದ ಆ ಜಾಗವನ್ನು ಒಣಗಿಸಿ, ಕಡಲೆ ಗಾತ್ರದ ಮೇಣವನ್ನು ಬೆರಳಲ್ಲಿ ನಾದಿ ಬೆಚ್ಚಗಾಗಿಸಿ, ಒತ್ತಿ. ಊಟಕ್ಕೆ ಮುಂಚೆ ತೆಗೆಯಿರಿ.

ಸರಪಳಿಯ ತುದಿ ತಂತಿಯಿಂದ ಬಿಚ್ಚಿ ನೇತಾಡಿದರೆ ಕತ್ತರಿಸಬೇಡಿ, ಎಳೆದು ಪರೀಕ್ಷಿಸಬೇಡಿ. ಪಕ್ಕದ ಬ್ರ್ಯಾಕೆಟ್‌ಗೆ ಮೇಣದಿಂದ ಅಂಟಿಸಿ, ಒಂದೆರಡು ದಿನದೊಳಗೆ ತೋರಿಸಿ. ಕೊಂಡಿಗಳು ಒಸಡಿನೊಳಗೆ ಸರಿದು ಮುಚ್ಚಿಕೊಂಡರೆ ಹುಡುಕಲು ಮತ್ತೆ ಕೊಯ್ಯಬೇಕಾಗುತ್ತದೆ. ಗುಂಡಿ ಸಮೇತ ಇಡೀ ಸರಪಳಿ ಕೈಗೆ ಬಂದರೆ ಡಬ್ಬಿಯಲ್ಲಿಟ್ಟು ಒಯ್ಯಿರಿ. ಅಂಟಿಸುವಾಗ ಹಲ್ಲಿನ ಮೇಲೆ ರಕ್ತವೋ ತೇವವೋ ಉಳಿದಿದ್ದರೆ ಅಂಟು ಸೋಲುತ್ತದೆ, ಅದು ನಿಮ್ಮ ತಪ್ಪಾಗಿರಬೇಕೆಂದಿಲ್ಲ. ಇಳಿದಷ್ಟು ಹಲ್ಲು ರಾತ್ರೋರಾತ್ರಿ ಹಿಂದೆ ಹೋಗುವುದಿಲ್ಲ. ಕಳಚಿದ ಸರಪಳಿಯನ್ನು ನುಂಗಿಬಿಟ್ಟರೆ ಸಾಮಾನ್ಯವಾಗಿ ತಾನಾಗಿ ಹೊರಹೋಗುತ್ತದೆ; ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಮಾತ್ರ ನೇರ ತುರ್ತು ಚಿಕಿತ್ಸೆಗೆ.

ಪಕ್ಕದ ಹಲ್ಲಿನ ಬ್ರ್ಯಾಕೆಟ್ ಕಳಚಿದರೂ ಈ ಹಂತದಲ್ಲಿ ಮುಂದಿನ ಭೇಟಿಗೆ ಕಾಯಬೇಡಿ. ಮೊದಲ ತಿಂಗಳುಗಳಲ್ಲಿ ಅದು ಸಣ್ಣ ಕಿರಿಕಿರಿ, ಈಗ ಆ ಹಲ್ಲೇ ಎಳೆತಕ್ಕೆ ಲಂಗರು. ಹಾಗೆಯೇ ಎಲಾಸ್ಟಿಕ್ ದಾರ ತನ್ನ ಬಲದ ಬಹುಪಾಲನ್ನು ಮೊದಲ ದಿನಗಳಲ್ಲೇ ಕಳೆದುಕೊಳ್ಳುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಬದಲಿಸದಿದ್ದರೆ ಬಾಯಲ್ಲಿರುವುದು ಬರೀ ಅಲಂಕಾರ. ಇದರಿಂದ ಸ್ಫೂರ್ತಿಗೊಂಡು ರಬ್ಬರ್ ಬ್ಯಾಂಡ್ ತಂದು ಹಲ್ಲಿಗೆ ನೀವೇ ಸುತ್ತಿಕೊಳ್ಳಬೇಡಿ. ಅದು ಬೇರಿನುದ್ದಕ್ಕೂ ಮೇಲಕ್ಕೆ ಜಾರಿ ಒಸಡಿನೊಳಗೆ ಮಾಯವಾಗಿ, ಸುತ್ತಲಿನ ಎಲುಬು ತಿಂದು, ಗಟ್ಟಿಮುಟ್ಟಾದ ಹಲ್ಲನ್ನೇ ಉದುರಿಸಬಲ್ಲದು.

ನೋವು ಬಿಗಿದ ಮರುದಿನ ಹೆಚ್ಚು, ನಾಲ್ಕೈದು ದಿನಕ್ಕೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಸಾಕು: ವಯಸ್ಕರಿಗೆ 500ರಿಂದ 1000 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ 4 ಗ್ರಾಂ ಮೀರದಂತೆ. ಮಕ್ಕಳಿಗೆ ತೂಕದ ಲೆಕ್ಕ. ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ನುಂಗಬೇಕು. ಉರಿಯೂತ ತಗ್ಗಿಸುವ ಮಾತ್ರೆಗಳನ್ನು ದಿನಗಟ್ಟಲೆ ನುಂಗುವುದು ಬೇಡ. ಹಲ್ಲು ಚಲಿಸಲು ಅಂಥದೇ ಒಂದು ಪ್ರಕ್ರಿಯೆ ಒಳಗೆ ನಡೆಯುತ್ತಿರಬೇಕು. ಮುಂದಿನ ಹಲ್ಲಿನಿಂದ ಕಚ್ಚಿ ತಿನ್ನುವುದನ್ನು ಮರೆತುಬಿಡಿ. ಎಲ್ಲವನ್ನೂ ಚಿಕ್ಕದಾಗಿ ಕತ್ತರಿಸಿ ಹಿಂದಿನ ಹಲ್ಲಿಗೆ ಕೊಡಿ.

ಹಂತ 6: ಹಲ್ಲು ಕಂಡ ಮೇಲೆ

ಹಲ್ಲು ಒಸಡು ಸೀಳಿ ಇಣುಕಿದ ದಿನ, ಇನ್ನೇನು ಕ್ಲಿಪ್ ತೆಗೆಯಬಹುದು ಎನಿಸುತ್ತದೆ. ತೆಗೆಸಬೇಡಿ. ಸಾಲಿಗೆ ಬಂದಿರುವುದು ಹಲ್ಲಿನ ತಲೆ ಮಾತ್ರ, ಬೇರು ಇನ್ನೂ ಅಂಗುಳದ ಕಡೆಗೇ ಓರೆಯಾಗಿರುತ್ತದೆ. ಗುಂಡಿ ತೆಗೆದು ಬ್ರ್ಯಾಕೆಟ್ ಅಂಟಿಸಿ, ತಿರುಚಿಕೊಂಡಿದ್ದರೆ ತಿರುಗಿಸಿ, ಬೇರನ್ನು ನೆಟ್ಟಗೆ ನಿಲ್ಲಿಸಲು ಇನ್ನೂ ಹಲವು ತಿಂಗಳು ಬೇಕು. ಪರೀಕ್ಷೆ ಸುಲಭ: ಎರಡೂ ಬದಿಯ ಕೋರೆಹಲ್ಲುಗಳ ಮೇಲಿನ ಒಸಡಿನ ಮೇಲೆ ಬೆರಳಾಡಿಸಿ. ಸರಿಯಿರುವ ಬದಿಯಲ್ಲಿ ಬೇರಿನ ಉಬ್ಬು ಸಿಗುತ್ತದೆ. ಇಳಿಸಿದ ಬದಿಯಲ್ಲಿ ಅಲ್ಲಿ ಗುಳಿ ಸಿಕ್ಕರೆ ಕೆಲಸ ಬಾಕಿ ಇದೆ.

ಹಂತ 7: ರಿಟೇನರ್

ಸರಿಪಡಿಸಿದ ಹಲ್ಲು ಹಿಂದೆ ಸರಿಯದಂತೆ ಹಿಡಿದಿಡುವುದೇ ರಿಟೇನರ್. ಮುಂದಿನ ಆರು ಹಲ್ಲುಗಳ ಹಿಂದೆ ಅಂಟಿಸುವ ತಂತಿ, ಜೊತೆಗೆ ರಾತ್ರಿ ಹಾಕುವ ತೆಗೆಯಬಹುದಾದ ರಿಟೇನರ್, ಎರಡೂ ಇರಲಿ. ತಿರುಚಿಕೊಂಡು ಬಂದ ಕೋರೆಹಲ್ಲಿಗೆ ಹಳೆಯ ಭಂಗಿಗೆ ಮರಳುವ ಚಟ ಇದೆ. ರಾತ್ರಿಯ ರಿಟೇನರನ್ನು ಬಿಸಿನೀರಲ್ಲಿ ತೊಳೆದರೆ ಆಕಾರ ಕೆಡುತ್ತದೆ. ಅಂಟಿಸಿದ ತಂತಿ ಒಂದು ಹಲ್ಲಿನಿಂದ ಬಿಟ್ಟರೂ ಉಳಿದ ಐದರ ಮೇಲೆ ನಿಂತಿರುತ್ತದೆ, ಬಿದ್ದು ಸುಳಿವು ಕೊಡುವುದಿಲ್ಲ. ವಾರಕ್ಕೊಮ್ಮೆ ಉಗುರಿನಿಂದ ಒಂದೊಂದು ಹಲ್ಲಿನ ಹಿಂದೆಯೂ ತಂತಿಯನ್ನು ಮೆಲ್ಲಗೆ ತಟ್ಟಿ ನೋಡಿ. ಎಲ್ಲಾದರೂ ಅಲುಗಿದರೆ, ಅದು ಕೋರೆಹಲ್ಲಿನ ಜಾಗವಾಗಿದ್ದರೆ, ಅದೇ ವಾರ ಅಂಟಿಸಿಕೊಳ್ಳಿ. ಅಲ್ಲಿಯವರೆಗೆ ತೆಗೆಯಬಹುದಾದ ರಿಟೇನರನ್ನು ಹಗಲಿನಲ್ಲೂ ಹಾಕಿಕೊಳ್ಳಿ.