ಫಸ್ಟ್ ಇಯರ್ ಮಕ್ಕಳು ಮಾಡಿದ ಮಾನಸಿಕ ಆರೋಗ್ಯದ ಸಂಚಿಕೆ: ನನ್ನ ಅನುಭವ

"ಫಸ್ಟ್ ಇಯರ್ ಮಕ್ಕಳ ಕೈಗೆ ಈ ವಿಷಯ ಕೊಟ್ರೆ ಕಾಲೇಜಿನ ಮಾನ ಹರಾಜು" ಅಂದಿದ್ದರು ನಮ್ಮ ಸೈಕಾಲಜಿ ವಿಭಾಗದವರು. ಈಗ ಅವರೇ ನಮ್ಮ ಲ್ಯಾಬ್ ಜರ್ನಲ್‌ನ, ಅಂದರೆ ವರದಿಗಾರಿಕೆ ಕಲಿಯೋಕೆ ಮಕ್ಕಳೇ ಬರೆದು ಅಚ್ಚು ಹಾಕಿಸುವ ಪತ್ರಿಕೆಯ, ಹಳೇ ಪ್ರತಿ ಕೇಳಿಕೊಂಡು ಬರುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆವು. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ವೈದ್ಯರನ್ನು ಕರೆಸಿ ಉಪನ್ಯಾಸ, ಶಾಲು, ಹಣ್ಣಿನ ಬುಟ್ಟಿ. ಹಿಂದಿನ ಬೆಂಚಿನವರು ರೀಲ್ಸ್ ನೋಡುತ್ತಿದ್ದರು. ಪೋಸ್ಟರ್ ಸ್ಪರ್ಧೆ ಇಟ್ಟರೆ ಎಲ್ಲದರಲ್ಲೂ ಒಂದೇ ಚಿತ್ರ: ಕತ್ತಲ ಮೂಲೆ, ತಲೆ ಮೇಲೆ ಕೈ ಹೊತ್ತು ಕೂತ ಹುಡುಗಿ. ಲೇಖನ ಬರೆಸಿದರೆ ನೆಟ್‌ನಿಂದ ಎತ್ತಿದ ಖಿನ್ನತೆಯ ಹತ್ತು ಲಕ್ಷಣಗಳು.

ಆಮೇಲೆ ಸ್ವಂತ ಅನುಭವ ಬರೆಸಿದೆವು. ಚೆನ್ನಾಗಿಯೇ ಬರೆದರು, ತೊಂದರೆ ಆಗಿದ್ದೇ ಅಲ್ಲಿ. ಪ್ರೆಸ್‌ಗೆ ಹೋಗಿದ್ದ ಸೆಕೆಂಡ್ ಇಯರ್ ಹುಡುಗ ಫೋನ್ ಮಾಡಿ, "ಸರ್, ಹೆಸರು ಬದಲಿಸಿದ್ದಾರೆ, ಆದ್ರೆ ಇದು ಹಾಸ್ಟೆಲ್‌ನ ಆ ಹಾಸನದ ಹುಡುಗಿ ಅಲ್ವಾ?" ಅಂದ. ಊರು, ಪಿಯು ಮಾರ್ಕ್ಸು, ರೂಮಿನ ಮಹಡಿ ಎಲ್ಲ ಅದರಲ್ಲಿತ್ತು. ಅಚ್ಚಿನ ಪ್ಲೇಟ್ ಆಗಿದ್ದರೂ ಆ ಪುಟ ಎತ್ತಿಸಿದೆ. ಸಾವಿರದೈನೂರೋ ಎಷ್ಟೋ ಕೈಬಿಟ್ಟಿತು.

ಅಲ್ಲಿಂದ ದಾರಿ ಬದಲಾಯಿತು. ಕಾಯಿಲೆ ಬಗ್ಗೆ ಬರೀಬೇಡಿ, ಕಾಯಿಲೆ ಬಂದವರು ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು, ಎಷ್ಟು ದುಡ್ಡು, ಅದನ್ನು ವರದಿ ಮಾಡಿ ಅಂದೆ. ರೋಗಿಗಳ ಬೆನ್ನು ಹತ್ತುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೊ, ಮಾಹಿತಿ ಯಾವುದನ್ನೂ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಬೋರ್ಡ್ ಮೇಲೆ ಬರೆದು ಅಳಿಸದೆ ಬಿಟ್ಟೆ.

ಒಬ್ಬ, ಆತ್ಮಹತ್ಯೆಗೆ ಯತ್ನಿಸಿದವರಿಗೆ ಜೈಲು ಅಂತ ಬರೆದುಕೊಂಡು ಬಂದ. ಯಾರು ಹೇಳಿದ್ದು? "ಎಲ್ರಿಗೂ ಗೊತ್ತು ಸರ್." ಅದೇ ಕಾಯ್ದೆಯ 115ನೇ ಸೆಕ್ಷನ್ ಓದಿಸಿದೆ. ಬೇರೆ ರೀತಿ ಸಾಬೀತಾಗದ ಹೊರತು ಅವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷಿಸುವಂತಿಲ್ಲ. ಅವನ ಮುಖ ನೋಡಬೇಕಿತ್ತು. ಅದೇ ಮುಖಪುಟದ ವರದಿಯಾಯಿತು.

ಆದರೆ ಎಲ್ಲಕ್ಕಿಂತ ಕೆಲಸ ಮಾಡಿದ್ದು ನಮ್ಮ ಕಾಲೇಜಿನದೇ ಕೌನ್ಸೆಲಿಂಗ್ ರೂಮಿನ ವರದಿ. ಬಿಕಾಂನ ಇಬ್ಬರು ಹುಡುಗಿಯರು ವಾರಗಟ್ಟಲೆ ಅದರ ಮುಂದೆ ಕೂತರು. ರೂಮಿನೊಳಗೆ ಅರ್ಧ ಜಾಗದ ತುಂಬ ಹಾಕಿ ಆಟದ ಸ್ಟಿಕ್ಕು, ಕೇರಂ ಬೋರ್ಡು. ಸಮಯ ಮಂಗಳವಾರ, ಶುಕ್ರವಾರ 2ರಿಂದ 4. ಆ ಹೊತ್ತಿಗೆ ಫಸ್ಟ್ ಇಯರ್‌ನ ಎಲ್ಲ ಸೆಕ್ಷನ್‌ಗೂ ಕ್ಲಾಸು. ಬಾಗಿಲು ಕ್ಯಾಂಟೀನಿನ ಟೋಕನ್ ಸಾಲಿನ ಎದುರಿಗೇ. ಒಳಗೆ ಹೋದವರನ್ನು ದೋಸೆಗೆ ನಿಂತವರೆಲ್ಲ ನೋಡುತ್ತಾರೆ. ಯಾರ ಮೇಲೂ ದೂರಿಲ್ಲದ ಮುನ್ನೂರು ಪದ. ಪ್ರಿನ್ಸಿಪಾಲರು ಸಿಟ್ಟಾದರು, ತಿಂಗಳೊಳಗೆ ರೂಮನ್ನು ಲೈಬ್ರರಿ ಹಿಂದಕ್ಕೆ ಹಾಕಿಸಿದರು. ಮೊದಲು ಸೆಮಿಸ್ಟರ್‌ಗೆ ಮೂರೋ ನಾಲ್ಕೋ ಮಕ್ಕಳು ಬರುತ್ತಿದ್ದರು, ಈಗ ಇಪ್ಪತ್ತರ ಮೇಲೆ, ಕೌನ್ಸೆಲರ್ ಮೇಡಂ ಹೇಳಿದ ಲೆಕ್ಕ. ಯಾವ ಉಪನ್ಯಾಸದಿಂದ ಇದು ಆಗುತ್ತಿತ್ತು ಹೇಳಿ?

ನಡುವೆ ಇನ್ನೊಂದು ಪ್ರಯೋಗ. ಬೆಂಗಳೂರಿನ ಡೇರಿ ಸರ್ಕಲ್ ಹತ್ತಿರ ಆಟೊ ಹತ್ತಿ ಮಾನಸಿಕ ಆಸ್ಪತ್ರೆ ಅಂತಲೇ ಹೆಸರಾದ "ನಿಮ್ಹಾನ್ಸ್‌ಗೆ" ಅಂದಾಗ ಡ್ರೈವರ್ ಏನನ್ನುತ್ತಾರೆ ನೋಡಿ ಅಂತ ಕೆಲವರನ್ನು ಕಳಿಸಿದೆ. ನಗೆಚಾಟಿಕೆ ಬರುತ್ತೆ ಅಂದುಕೊಂಡೇ ಹೋದರು. ಹೆಚ್ಚಿನವರು ಸುಮ್ನೆ ಮೀಟರ್ ಹಾಕಿದರಂತೆ. ಒಬ್ಬರು ಮಾತ್ರ, ತಮ್ಮ ಹೆಂಡತಿಗೆ ಅಲ್ಲೇ ತೋರಿಸೋದು, ಯಾವ ಗೇಟಿನಿಂದ ಹೋದರೆ ಒಪಿಡಿ ಹತ್ತಿರ, ಎಷ್ಟು ಗಂಟೆಗೆ ಹೋದರೆ ರಶ್ ಕಡಿಮೆ ಅಂತ ದಾರಿಯುದ್ದಕ್ಕೂ ಹೇಳಿದರಂತೆ. ಒಪ್ಪಿಗೆ ಕೇಳಿರಲಿಲ್ಲ, ಅಚ್ಚು ಹಾಕಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಫೋನ್ ಮಾಡಿ ಟೆಸ್ಟ್ ಮಾಡ್ತೀವಿ ಅಂದರು, ಬೇಡ ಅಂದೆ. ನಿಜವಾಗಿ ಬೇಕಾದವರ ಲೈನ್ ಅದು. ನಂಬರನ್ನು ಮಾತ್ರ ಕೊನೇ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿದೆವು.

ದುಡ್ಡಿನ ಕಥೆ. ನಾಲ್ಕು ಪುಟ, ಐನೂರು ಪ್ರತಿಗೆ ಒಂಬತ್ತು ಸಾವಿರದ ಹತ್ತಿರ. ಮ್ಯಾನೇಜ್‌ಮೆಂಟ್ ಕೊಟ್ಟಿದ್ದು ಐದು. ಜ್ಯೂಸ್ ಅಂಗಡಿ, ಜೆರಾಕ್ಸ್ ಅಂಗಡಿಯಿಂದ ಸಾವಿರ. ಆಗ ಒಬ್ಬರು ಪೂರ್ತಿ ಪುಟಕ್ಕೆ ನಾಲ್ಕು ಸಾವಿರ ಕೊಡ್ತೀವಿ ಅಂತ ಬಂದರು. ಜಾಹೀರಾತು: ಮೂರು ದಿನದಲ್ಲಿ ಖಿನ್ನತೆಯಿಂದ ಮುಕ್ತಿ! ತಗೊಳ್ಳೋಣ ಅಂತ ಅರ್ಧ ಕ್ಲಾಸು. ನಾನು ಬಾಯಿ ಬಿಡಲಿಲ್ಲ. ಒಂದು ಗಂಟೆ ಜಗಳ ಆಡಿ ಅವರೇ ಬೇಡ ಅಂದರು. ಉಳಿದದ್ದು ನನ್ನ ಜೇಬಿನಿಂದ ಹೋಯಿತು, ಇನ್ನೂ ಪೂರ್ತಿ ವಾಪಸ್ ಬಂದಿಲ್ಲ.

ಮೊದಲ ವಾರ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ, ಅದರಿಂದ ಯಾರಿಗೆ ಯಾವ ವರದಿ ಅನ್ನೋದು ಗೊತ್ತಾಗುತ್ತೆ. ಅದನ್ನು ಇಲ್ಲಿ ಹೇಳಲ್ಲ, ಮುಂದಿನ ಬ್ಯಾಚಿನವರೂ ಇದನ್ನು ಓದಬಹುದು.

ಈ ಸಲ ಮಕ್ಕಳನ್ನು ಅವರವರ ಊರಿಗೆ ಕಳಿಸೋ ಯೋಚನೆ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರಬೇಕು. ಬರುತ್ತಾರಾ, ಬಂದರೆ ಎಷ್ಟು ಹೊತ್ತು ಇರುತ್ತಾರೆ, ಮಾತ್ರೆ ಅಲ್ಲೇ ಸಿಗುತ್ತಾ ನೋಡಿಕೊಂಡು ಬರಲಿ. ಮಂಗಳವಾರದ ಅಟೆಂಡೆನ್ಸ್ ಕೊಡಿ ಅಂತ ಅರ್ಜಿ ಹಾಕಿದ್ದೇನೆ, ಪ್ರಿನ್ಸಿಪಾಲರು ಇನ್ನೂ ಸಹಿ ಹಾಕಿಲ್ಲ.